ಎಣ್ಣೆ ಕುಡಿದ ತೊಲೆ

ನಾನು ನಿಂತಿದ್ದದ್ದು ನಮ್ಮೂರ ಕೆರೆ ಏರಿಯ ಮೇಲೆ, ತೂಬಿನ ಕಲ್ಲುಗಂಬಗಳ ಎಡಪಕ್ಕದಲ್ಲಿ, ನೀರಿಗೆ ಇಳಿಯುವ ಕಲ್ಲುಕಟ್ಟಡದ ಅಂಚಿನಲ್ಲಿ. ಎಪ್ಪತ್ತರ ದಶಕದ ನಡುಭಾಗ. ದೀಪಾವಳಿ ಮುಗಿದ ಮಾರನೆಯ ವಾರದ ಒಂದು ಗುರುವಾರ, ದನಗಳನ್ನು ಮೇಯಲು ಹೊಡೆದುಕೊಂಡು ಹೋದ ಮೇಲಿನ ಹೊತ್ತು. ಸೂರ್ಯ ನನ್ನ ಬೆನ್ನಿಗಿದ್ದ. ನೀರಿನ ಮೇಲೆ ಮಂಜಿರಲಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡಲು ಕಾರಣವಿದೆ. ಆ ದಿನ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತ ಬಂದಿದ್ದಾರೆ. ನಾನು ಕಂಡದ್ದನ್ನೂ ಆಮೇಲೆ ಕೇಳಿದ್ದನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಲು ಇಷ್ಟು ವರ್ಷ ಹೆಣಗಿದ್ದೇನೆ. ಬರೆಯಲು ಕೂತರೆ ಈಗಲೂ ಒಂದು ಕಡೆ ಕೈ ನಿಂತುಬಿಡುತ್ತದೆ.

ನನ್ನೆದುರಿಗೆ ನೀರಿನ ಮೇಲೆ ಒಂದು ಫೈಬರ್ ದೋಣಿ ಹೋಗುತ್ತಿತ್ತು. ಅದರಲ್ಲಿ ನನ್ನ ಅಕ್ಕ ಇದ್ದಳು. ಅವಳ ತೋಳಲ್ಲಿ ಇನ್ನೂ ಕತ್ತು ಸರಿಯಾಗಿ ನಿಲ್ಲದ ಹೆಣ್ಣುಕೂಸು. ಹಿಂದೆ ಎಂಜಿನ್ನಿನ ಹಿಡಿಕೆ ಹಿಡಿದ ಭಾವ. ನಡುವೆ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದವರು ನಮ್ಮೂರ ಬಡಗಿ. ಊರೆಲ್ಲ ಅವರನ್ನು ಆಚಾರ್ರು ಎಂದೇ ಕರೆಯುತ್ತಿತ್ತು.

ನಮ್ಮೂರು ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದುಕೊಂಡಿದೆ. ಅಕ್ಕನನ್ನು ಕೊಟ್ಟಿದ್ದು ಕೆರೆಯಾಚೆ ದಿಣ್ಣೆಯ ಮೇಲಿನ ಹಳ್ಳಿಗೆ. ಬೇಸಗೆಯಲ್ಲಿ ಕೆರೆಯಂಗಳದ ಮೇಲೇ ಗಾಡಿದಾರಿ. ಅಡಿಕೆಲೆ ಹಾಕಿಕೊಂಡು ಹೊರಟರೆ ಬಾಯಲ್ಲಿನ ಎಲೆ ಮುಗಿಯುವ ಮುಂಚೆ ಅಕ್ಕನ ಮನೆ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಆ ದಾರಿ ನೀರಿನಡಿ ಹೋಗುತ್ತಿತ್ತು. ಆಗ ಸುತ್ತಿಕೊಂಡು ಹೋಗಲು ಅರ್ಧ ದಿನ ಬೇಕು, ಅದೂ ಕೋಡಿಹಳ್ಳ ಇಳಿದಿದ್ದರೆ. ಹಿಂದೆ ಒಂದು ಹರಿಗೋಲು ಇತ್ತು. ಅದರ ಚರ್ಮ ಹರಿದು ಬಿದಿರಿನ ಹೆಣಿಗೆ ಮಾತ್ರ ಉಳಿದು, ಯಾರದೋ ಹಿತ್ತಲಲ್ಲಿ ಕೋಳಿ ಮುಚ್ಚುವುದಕ್ಕೆ ಆಗಿತ್ತು. ಆ ವರ್ಷ ಮಳೆ ಜೋರು. ಹೆರಿಗೆಗೆ ತವರಿಗೆ ಬಂದ ಅಕ್ಕ ಬಾಣಂತನ ಮುಗಿದರೂ ಹೋಗಲಾರದೆ ನಮ್ಮಲ್ಲೇ ಉಳಿದಿದ್ದಳು. ಅವಳ ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು. ಮೊಮ್ಮಗಳ ಮುಖ ನೋಡದೆ ಹೋಗಿಬಿಡುತ್ತೇನೋ ಎಂದು ಬಂದವರ ಹತ್ತಿರವೆಲ್ಲ ಹೇಳಿ ಕಳಿಸುತ್ತಿದ್ದರು. ಭಾವನ ತಲೆಯಲ್ಲಿ ದೋಣಿ ಹೊಕ್ಕಿದ್ದು ಹೀಗೆ.

ದೋಣಿಯನ್ನು ಭಾವ ಎಲ್ಲಿಂದಲೋ ಪತ್ತೆ ಹಚ್ಚಿದರು. ಬೆಂಗಳೂರಿನ ಯಾರೋ ವಿಹಾರಕ್ಕೆಂದು ಇಟ್ಟುಕೊಂಡಿದ್ದು, ಬೇಜಾರಾಗಿ ತಮ್ಮ ತೋಟದ ಮನೆಯ ಮಾವಿನ ಮರದ ಕೆಳಗೆ ಹಾಕಿಬಿಟ್ಟಿದ್ದರು. ಅದು ಎಷ್ಟೋ ಮಳೆಗಾಲ ಅಂಗಾತ ಬಿದ್ದು ನೀರು ತುಂಬಿಕೊಂಡಿತ್ತು. ಅದನ್ನು ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಊರೊಳಗೆ ತಂದ ದಿನ ಜನ ಬಾಗಿಲಿಗೆ ಬಂದು ನಿಂತರು. ಬಿಳಿ ಹೋಗಿ ಹಳದಿಗೆ ತಿರುಗಿದ್ದ ಬಣ್ಣ, ನುಣ್ಣನೆಯ ಮೈ.

"ಏನ್ರೀ ಇದು, ಸೋಪಿನ ಡಬ್ಬಿ ಹೊತ್ಕೊಂಡ್ ಬಂದ್ಬಿಟ್ರಿ?" ಎಂದಳು ಅಕ್ಕ.

"ನಗು, ನಗು. ನಿಮ್ಮತ್ತೆ ಮನೆ ಬಾಗಿಲಿಗೆ ಇದ್ರಲ್ಲೇ ಇಳಿಯೋಳು ನೀನು" ಎಂದರು ಭಾವ.

ಅಂದಿನಿಂದ ಅದರ ಹೆಸರು ಸೋಪಿನ ಡಬ್ಬಿಯೇ ಆಯಿತು.

ನನಗೆ ರಸ್ತೆ ಬದಿಯಲ್ಲಿ ಪಂಪ್‌ಸೆಟ್ ರಿಪೇರಿಯ ಸಣ್ಣ ಅಂಗಡಿಯಿತ್ತು. ದೋಣಿಯ ಎಂಜಿನ್ನು ನನ್ನ ಪಾಲಿಗೆ ಬಂತು. ಅದನ್ನು ಬಿಚ್ಚಲು ದೋಣಿಯೊಳಗೆ ಕಾಲಿಟ್ಟಾಗ ತಳ ನನ್ನ ಪಾದದಡಿಯಲ್ಲಿ ಮೆಲ್ಲಗೆ ತಗ್ಗಿತು. ಕಾಲೆತ್ತಿದರೆ ಮೇಲೆ ಬಂತು. ಒಣಗಿದ ಕೆಸರಿನ ಪದರದ ಮೇಲೆ ನಿಂತ ಹಾಗಾಯಿತು. ಭಾವನಿಗೆ ತೋರಿಸಿದೆ. ಅವರು ಅರಿಶಿನಕುಂಟೆಯ ಹತ್ತಿರ ಹೆದ್ದಾರಿ ಪಕ್ಕದ ಒಂದು ಶೆಡ್ಡಿಗೆ ಹೋಗಿ, ಅಲ್ಲಿ ಫೈಬರಿನ ನೀರಿನ ತೊಟ್ಟಿಗಳನ್ನು ಮಾಡುತ್ತಿದ್ದ ಒಬ್ಬನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ಸುಮಾರು ನನ್ನ ವಯಸ್ಸಿನವನು, ಹೊಸೂರು ಕಡೆಯಿಂದ ಬಂದು ನೆಲೆಸಿದವನು. ಅವನನ್ನು ನಾವು ಫೈಬರ್‌ನವನು ಎನ್ನುತ್ತಿದ್ದೆವು.

ಅವನು ದೋಣಿಯೊಳಗೆ ಮಂಡಿಯೂರಿ ಬೆರಳ ಗಿಣ್ಣಿನಿಂದ ತಳವನ್ನು ಉದ್ದಕ್ಕೂ ತಟ್ಟಿ ನೋಡಿದ. ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಎರಡು ಉಬ್ಬುಗಳಿದ್ದವು. ಅವುಗಳೊಳಗೆ ಮರದ ತೊಲೆಗಳಿವೆ, ಅವೇ ದೋಣಿಯ ಬೆನ್ನುಮೂಳೆ ಎಂದ. ಫೈಬರ್ ಎಷ್ಟೇ ಗಟ್ಟಿಯಾದರೂ ತೆಳ್ಳಗಿನ ಚಿಪ್ಪು. ಅದು ಬಾಗದಂತೆ ಹಿಡಿಯುವುದು ತೊಲೆ. ಗರಗಸದಿಂದ ಉಬ್ಬಿನ ನೆತ್ತಿಯನ್ನು ಕೊಯ್ದು ತೆರೆದ. ಒಳಗೆ ಮರ ಇರಲಿಲ್ಲ. ಮರದ ಆಕಾರದ ಗೂಡಿತ್ತು, ಅದರಲ್ಲಿ ಕಪ್ಪು ಅಂಬಲಿಯಂಥದ್ದು ತುಂಬಿತ್ತು. ಅದನ್ನು ಕುಡುಗೋಲಿನಿಂದ ಕೆರೆದು ಬಾಣಲಿಗೆ ತುಂಬಿದೆವು. ತಿಪ್ಪೆಯ ತಳದ ವಾಸನೆ. ಮೇಲಿನಿಂದ ನೋಡಿದರೆ ಒಂದು ಬಿರುಕೂ ಇಲ್ಲದ ದೋಣಿ ಅದು. ಕೊಳೆತದ್ದು ಹೊರಗೆ ಬಂತಲ್ಲ ಎಂದು ಸಮಾಧಾನವಾಯಿತು.

ತೊಲೆಯಿಲ್ಲದ ದೋಣಿ ಸೊಟ್ಟಗಾಗುತ್ತದೆ ಎಂದು ಫೈಬರ್‌ನವನು ಹೇಳಿದ್ದರಿಂದ, ಭತ್ತದ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಮೆತ್ತೆಯಂತೆ ಜೋಡಿಸಿ ಅದರ ಮೇಲೆ ದೋಣಿಯನ್ನು ಕೂರಿಸಿದೆವು. ಹೊಸ ತೊಲೆಗಳ ಕೆಲಸ ಆಚಾರ್ರದು.

ಆಚಾರ್ರ ಮರ ಎಂದರೆ ನಮ್ಮ ಕಡೆ ಬೇರೆ ಮಾತಿರಲಿಲ್ಲ. ಅವರು ಮರ ಕಡಿಸಿದ ಮೇಲೆ ಕೆರೆಯ ಕೆಸರಿನಲ್ಲಿ ಹೂಳಿಡುತ್ತಿದ್ದರು. ಹುಳುವಿನ ಆಸೆ ಅಲ್ಲೇ ಸಾಯಬೇಕು ಎನ್ನುತ್ತಿದ್ದರು. ಆಮೇಲೆ ತೆಗೆದು ತಮ್ಮ ಹಜಾರದ ಅಟ್ಟಕ್ಕೆ ಏರಿಸಿ, ವರ್ಷಗಟ್ಟಲೆ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಗಾಡಿಯ ಮೂಕಿ ಹಾಗೆ ಅಟ್ಟದಿಂದ ಇಳಿದದ್ದು. ನನ್ನ ತಾತನ ಕಾಲದ್ದು, ಇನ್ನೂ ನೆಟ್ಟಗಿತ್ತು. ದೋಣಿಗೆಂದು ಅವರು ಎರಡು ಹಲಸಿನ ಉದ್ದ ತುಂಡುಗಳನ್ನು ಇಳಿಸಿದರು. ಹಲಸು ಯಾಕೆ ಎಂದು ಭಾವ ಕೇಳಿದಾಗ, "ನೀರಲ್ಲಿರೋದಕ್ಕೆ ಭಾರದ ಮರ ಯಾಕಪ್ಪಾ? ಇದು ಹಗುರ, ತೇಲೋ ಜಾತಿ" ಎಂದರು.

ಫೈಬರ್‌ನವನು ಮರದ ಮೇಲೆ ಅಂಗೈ ಇಟ್ಟು ನೋಡಿದ. "ಆಚಾರ್ರೇ, ಮರ ಚೆನ್ನಾಗಿ ಒಣಗಿರ್ಬೇಕು. ಒಂಚೂರು ತೇವ ಇದ್ರೂ ನನ್ನ ಅಂಟು ಹಿಡಿಯಲ್ಲ."

"ಲೋ, ನಿಮ್ಮಪ್ಪನ ಮದ್ವೇಲಿ ಕಡ್ದಿದ್ ಮರ ಕಣೋ ಇದು. ತಟ್ಟು, ತಟ್ಟಿ ನೋಡು."

ಅವನು ತಟ್ಟಿದ. ಮರ ಘಣ್ಣೆಂದಿತು.

"ಸರಿ ಬಿಡಿ ಆಚಾರ್ರೇ. ಇದಕ್ಕೆ ನಾನೇನೂ ಹೇಳಂಗಿಲ್ಲ" ಎಂದು ಅವನು ನಕ್ಕ.

ಒಂದೇ ಒಂದು ವಿಷಯಕ್ಕೆ ಅವರಿಬ್ಬರಿಗೂ ಜಟಾಪಟಿ ಆಯಿತು. ತೊಲೆಯನ್ನು ಕೂರಿಸಿದ ಮೇಲೆ ಗಾಜಿನ ಎಳೆಗಳಿಂದ ನೇಯ್ದ ಬಟ್ಟೆ ಸುತ್ತಿ, ಅಂಟು ಕುಡಿಸಿ, ಎಲ್ಲಾ ಮಗ್ಗುಲೂ ಮುಚ್ಚಿಬಿಡುವುದು ಫೈಬರ್‌ನವನ ಪದ್ಧತಿ. ಆಚಾರ್ರು ಬಾಣಲಿಯಲ್ಲಿದ್ದ ಕಪ್ಪು ಅಂಬಲಿಯನ್ನು ತೋರಿಸಿದರು. "ಎಲ್ಲಾ ಕಡೆ ಮುಚ್ಚಿದ್ದಕ್ಕೇ ತಾನೆ ಅದು ಹಂಗಾಗಿದ್ದು? ಉಸಿರಿಲ್ದೆ ಸತ್ತೈತೆ. ಪಕ್ಕಕ್ಕೆ, ತಳಕ್ಕೆ ಏನ್ ಬೇಕಾದ್ರೂ ಬಳ್ಕೋ. ನೆತ್ತಿ ಬಿಡು."

ಫೈಬರ್‌ನವನು ಬಾಣಲಿಯಲ್ಲಿದ್ದದ್ದನ್ನು ಕಡ್ಡಿಯಿಂದ ಕೆದಕಿ ನೋಡಿದ. ಕೆಳಗೂ ಎರಡೂ ಪಕ್ಕಕ್ಕೂ ಅಂಟು ಹಿಡಿದರೆ ಸಾಕು, ಅಲ್ಲಾಡುವುದಿಲ್ಲ ಎಂದು ಒಪ್ಪಿಕೊಂಡ.

ತೊಲೆಗಳನ್ನು ಹಾಕುವ ಹಿಂದಿನ ಸಂಜೆ ನಾನು ಆಚಾರ್ರ ಹಜಾರಕ್ಕೆ ಉಳಿ ಹಿಂದಿರುಗಿಸಲು ಹೋಗಿದ್ದೆ. ಅವರು ತೊಲೆಗಳನ್ನು ಮಣೆಗಳ ಮೇಲೆ ಮಲಗಿಸಿ ಹೊಂಗೆಯೆಣ್ಣೆ ಉಣಿಸುತ್ತಿದ್ದರು. ಬಟ್ಟೆಯುಂಡೆಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಮರದ ನೂಲೆಳೆಗಳ ಗುಂಟ ಉಜ್ಜುತ್ತ, ಮರ ಹೀರಿಕೊಳ್ಳುವವರೆಗೂ ಕಾದು, ಮತ್ತೆ ಉಜ್ಜುತ್ತ. ಎಳೆಗೂಸಿಗೆ ಎಣ್ಣೆ ಒತ್ತುವ ಹಾಗಿತ್ತು ಅವರ ಕೈ.

"ಒಣಮರ ನೀರಿಗಿಳಿಯೋ ಮುಂಚೆ ಹೊಟ್ಟೆ ತುಂಬಾ ಎಣ್ಣೆ ಕುಡೀಬೇಕು ಕಣಪ್ಪ. ಇಲ್ದಿದ್ರೆ ನೀರೇ ಕುಡಿಯುತ್ತೆ" ಎಂದರು ಕೇಳದಿದ್ದರೂ.

ಅದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ನಮ್ಮ ಮೂಕಿ, ನೊಗ, ನೇಗಿಲು, ಬಾಗಿಲ ಹೊಸ್ತಿಲು ಎಲ್ಲವೂ ಎಣ್ಣೆ ಕುಡಿದೇ ಮನೆಗೆ ಬಂದವು. ಎಣ್ಣೆ ಉಣಿಸದೆ ಕೊಟ್ಟ ಮರವನ್ನು ನಮ್ಮ ಕಡೆಯವರು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆ ಕೊಟ್ಟರೆ ಬಡಗಿ ಮೋಸ ಮಾಡಿದ ಎಂದೇ ಅರ್ಥ. ಕೊನೆಗೆ ಅವರು ಕೈ ಜಾರದಿರಲೆಂದು ಜರಡಿ ಹಿಡಿದ ಬೂದಿಯಿಂದ ತೊಲೆಗಳನ್ನು ಒರೆಸಿದರು. ಬೆಳಿಗ್ಗೆ ನೋಡಿದಾಗ ಮರ ಒಣಗಿದಂತೆಯೇ, ಮಂಕಾದ ಹಳದಿಯಾಗಿ ಕಂಡಿತು. ಪ್ರತಿ ತೊಲೆಯ ತಲೆಯ ಕಡೆ, ಪಕ್ಕದ ಮೈಗೆ, ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಕೈಮುಗಿದು, ದೋಣಿಯಲ್ಲಿ ಇಟ್ಟು, "ಇನ್ನು ನಿಂದು" ಎಂದು ಫೈಬರ್‌ನವನಿಗೆ ಹೇಳಿ ದೂರ ಸರಿದು ಕೂತರು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ನಿಲ್ಲುವುದು ಮರ್ಯಾದೆಯಲ್ಲ. ಫೈಬರ್‌ನವನು ಡಬ್ಬಿ ತೆರೆದ. ಮೂಗಿಗೆ ಹೊಡೆಯುವ ಆ ಅಂಟಿನ ಘಾಟಿನಲ್ಲಿ ಹೊಂಗೆಯ ವಾಸನೆ ಹುಡುಕಿದರೂ ಸಿಗುವಂತಿರಲಿಲ್ಲ. ಅವನು ಗೂಡಿಗೆ ಅಂಟು ಸುರಿದು, ತೊಲೆ ಇಳಿಸಿ, ಗಾಜಿನ ಬಟ್ಟೆಯನ್ನು ಪಕ್ಕಗಳಿಗೆ ಅಪ್ಪಿಸಿ, ಬ್ರಷ್ಷಿನಿಂದ ಗುಳ್ಳೆಗಳನ್ನು ಒತ್ತಿ ತೆಗೆದ. ಅವನ ಕೈಯೂ ಬಲು ಶುದ್ಧ. ಅಂಟು ಬಿಸಿಯಾಗಿ, ಗಟ್ಟಿಯಾಗಿ, ಕಲ್ಲಿನಂತಾಯಿತು.

ತೊಲೆಗಳ ಮೇಲೆ ಉದ್ದಕ್ಕೂ ಹಲಗೆ ಹಾಸಿ, ಗೂಟ ಬಡಿದು, ದೋಣಿಯನ್ನು ತೂಬಿನ ಹತ್ತಿರ ನೀರಿಗಿಳಿಸಿದೆವು. ದಡದಲ್ಲೇ ಆರೇಳು ಜನ ಹತ್ತಿ ಕುಣಿದರು. ತಳ ಜಗ್ಗಲಿಲ್ಲ. ಹಿಂದೆ ನನ್ನ ಪಾದದಡಿ ಆಡುತ್ತಿದ್ದ ಜಾಗದಲ್ಲಿ ಹಿಮ್ಮಡಿಯಿಂದ ಗುದ್ದಿ ನೋಡಿದೆ. ಮನೆಯ ನೆಲದ ಹಾಗೆ ನಿಂತಿತ್ತು. ಈಗ ಅರ್ಥವಾಗುವುದೆಂದರೆ, ಆಗ ನಾವು ತೊಲೆಯನ್ನು ಮೇಲಿನಿಂದ ಒತ್ತುತ್ತಿದ್ದೆವು ಅಷ್ಟೆ. ಅಂಟು ಹಿಡಿಯದಿದ್ದರೂ ಒತ್ತಿದ ತೊಲೆ ಎಲ್ಲಿಗೂ ಹೋಗುವುದಿಲ್ಲ.

ಎಂಜಿನ್ನು ಚಾಲೂ ಮಾಡಿ ಕೊಟ್ಟು ನಾನು ಇಳಿದೆ. "ಇಳಿ ಬಾಮೈದ, ನಿನ್ ಹೊಟ್ಟೆ ಭಾರಕ್ಕೆ ನಿಮ್ಮಕ್ಕ ಮುಳುಗ್ತಾಳೆ" ಎಂದರು ಭಾವ. ನಾನು ಕೂತಿದ್ದ ಹಲಗೆಯ ಮೇಲೆ ಅಕ್ಕ ಕೂತಳು. ಆಚಾರ್ರು ಬರುವುದು ಬೇಕಿರಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ. ಆದರೆ ಹೊಸ ಗಾಡಿ ಕೊಟ್ಟರೆ ಮೊದಲ ಸುತ್ತು ಬಡಗಿಯೇ ಕೂತು ಹೋಗಬೇಕೆಂಬುದು ಅವರ ಮನೆತನದ ನೇಮ. "ನಾನು ಕೂರದ ಗಾಡೀಲಿ ಬಾಣಂತೀನ ಕೂರಿಸ್ಲಾ?" ಎಂದು ಪಂಚೆ ಎತ್ತಿಕಟ್ಟಿ ಹತ್ತಿದರು.

ದೋಣಿ ಮೊದಲು ಮೆಲ್ಲಗೆ ಹೋಯಿತು. ಮುಳುಗಿದ ಜಾಲಿಮರಗಳ ನೆತ್ತಿ ದಾಟಿದ ಮೇಲೆ ಎದುರುಗಾಳಿ ಸಿಕ್ಕಿತು, ಸಣ್ಣ ಅಲೆಗಳೆದ್ದವು. ಭಾವ ಎಂಜಿನ್ನಿಗೆ ವೇಗ ಕೊಟ್ಟರು. ಮೂತಿ ಎದ್ದು, ಅಲೆಯ ಮೇಲೆ ಬಡಿದು, ಮತ್ತೆ ಎದ್ದಿತು. ಆಗ ನನಗೆ ಒಂದು ಸದ್ದು ಕೇಳಿತು. ಟಕ್. ಬಿಟ್ಟು, ಮತ್ತೆ ಟಕ್. ಎಂಜಿನ್ನಿನ ಯಾವುದೋ ನಟ್ಟು ಸಡಿಲವಾಗಿದೆ ಎಂದುಕೊಂಡು ಕಿವಿಗೊಟ್ಟೆ. ನೀರಿನ ಮೇಲೆ ಮಾತು ದೂರ ಬರುತ್ತದೆ. ಅಕ್ಕನ ದನಿ ಬಂತು.

"ರೀ, ಕೆಳಗಿಂದ ಯಾರೋ ಬಾಗಿಲು ಬಡ್ದಂಗೆ ಆಗ್ತದೆ ಕಣ್ರೀ."

"ಮೀನು ಕಣೇ. ಮೊಮ್ಮಗಳನ್ನ ನೋಡಕ್ ಬಂದಿರ್ಬೇಕು ನಿಮ್ಮತ್ತೆ ಬದ್ಲು."

ನನ್ನ ಪಕ್ಕ ನಿಂತಿದ್ದ ಫೈಬರ್‌ನವನು ನಗಲಿಲ್ಲ. ಅವನು ಬೀಡಿ ಎಸೆದು ಒಂದು ಹೆಜ್ಜೆ ಮುಂದೆ ಬಂದ.

ದೋಣಿಯಲ್ಲಿ ಆಚಾರ್ರು ಬಗ್ಗಿ ಒಂದು ಹಲಗೆಯನ್ನು ಕಿತ್ತರು. ಕೆಳಗೆ ನೋಡಿದರು. "ನಿಲ್ಸಪ್ಪಾ! ತಳ ಉಸಿರಾಡ್ತೈತೆ, ನಿಲ್ಸು!" ಎಂದರು. ಎಂಜಿನ್ನು ನಿಂತಿತು. ಎಲ್ಲ ಸದ್ದೂ ಒಮ್ಮೆಗೇ ನಿಂತುಹೋದ ಹಾಗಾಯಿತು. ಆಚಾರ್ರು ಇನ್ನೆರಡು ಹಲಗೆ ಕಿತ್ತು, ಒಳಗೆ ಕೈ ಹಾಕಿ, ಎದ್ದು ನಿಂತರು. ಅವರ ಕೈಯಲ್ಲಿ ತೊಲೆಯಿತ್ತು. ಇಡೀ ತೊಲೆ. ಎಳೆಯಲಿಲ್ಲ, ಮೀಟಲಿಲ್ಲ, ಹುರುಳಿಕಾಯಿಯ ಸಿಪ್ಪೆಯಿಂದ ಕಾಳು ಬಂದ ಹಾಗೆ ಬಂದಿತ್ತು. ಅದನ್ನು ಎರಡು ಕೈಯಲ್ಲಿ ಎದೆಗೆ ಅಡ್ಡ ಹಿಡಿದು ನಿಂತಿದ್ದ ಅವರ ಆಕಾರ ನನ್ನ ಕಣ್ಣಿನಿಂದ ಹೋಗಿಲ್ಲ. ಅವರು ಕಿರುಚಲಿಲ್ಲ. ಅದನ್ನು ತಿರುಗಿಸಿ, ಅದರ ತಳದ ಮೈಯನ್ನು ನೋಡುತ್ತಿದ್ದರು.

ಆಮೇಲೆ ಮಣ್ಣಿನ ಮಡಕೆ ಒಡೆದಂಥ ಸದ್ದು. ಆಡಿ ಆಡಿ ಸೋತಿದ್ದ ಚಿಪ್ಪು ಸೀಳಿತ್ತು. ದೋಣಿಯ ಹಿಂಭಾಗ ಎಂಜಿನ್ನಿನ ಭಾರಕ್ಕೆ ತಗ್ಗಿತು, ಮೂತಿ ಎದ್ದಿತು, ಅಷ್ಟರಲ್ಲೇ ದೋಣಿ ಇರಲಿಲ್ಲ. ಇಷ್ಟು ಬೇಗ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮರದ ದೋಣಿ ಮುಳುಗಿದರೂ ಅರ್ಧ ತೇಲುತ್ತದೆ. ಇದು ಬಟ್ಟಲಿನಂತೆ ಇಳಿದುಹೋಯಿತು.

ಫೈಬರ್‌ನವನು ಅಂಗಿ ಸಮೇತ ನೀರಿಗೆ ಹಾರಿದ. ನನಗೆ ಈಜು ಬಾರದು. ನಾನು ನಿಂತಲ್ಲೇ ನಿಂತಿದ್ದೆ. ಆದ್ದರಿಂದಲೇ ಉಳಿದದ್ದನ್ನು ಕಂಡೆ.

ತೊಲೆ ತೇಲುತ್ತಿತ್ತು. ಅಕ್ಕ ಅದರ ನಡುವಿಗೆ ಎದೆಯಾನಿಸಿ, ಮುಖ ಏರಿಯ ಕಡೆ ಮಾಡಿಕೊಂಡಿದ್ದಳು. ಕೂಸು ಅವಳ ಹೆಗಲ ಮೇಲಿತ್ತು. ಭಾವ ತೊಲೆಯ ಮುಂದಿನ ತುದಿ ಹಿಡಿದು, ನಮ್ಮ ಕಡೆಗೇ ಮುಖ ಮಾಡಿ, ಒಂದು ಕೈಯಿಂದ ನೀರು ಎಳೆಯುತ್ತಿದ್ದರು. ಹಿಂದಿನ ತುದಿಯಲ್ಲಿ ಆಚಾರ್ರ ತಲೆ. ಇಷ್ಟನ್ನೂ ನಾನು ಸ್ಪಷ್ಟವಾಗಿ ಕಂಡೆ. ಆ ತೊಲೆಗೆ ಅಷ್ಟು ಜನರನ್ನು ಹೊರುವ ಶಕ್ತಿ ಇರಲಿಲ್ಲ. ಹಿಂದಿನ ತುದಿ ತಗ್ಗಿದಾಗ ಅಕ್ಕನ ಬಾಯಿ, ಮೂಗು, ಕಣ್ಣು ನೀರೊಳಗೆ ಹೋದವು. ಕೂಸನ್ನು ಮಾತ್ರ ಅವಳು ಇನ್ನೂ ಮೇಲಕ್ಕೆ ಒತ್ತಿ ಹಿಡಿದಿದ್ದಳು.

ಆಗ ತೊಲೆಯ ಹಿಂದಿನ ತುದಿ ಮೇಲೆದ್ದಿತು. ಅಕ್ಕನ ಮುಖ ಹೊರಗೆ ಬಂತು. ಆ ತುದಿಯಲ್ಲಿ ತಲೆಯಿರಲಿಲ್ಲ.

ನನ್ನ ಕೈ ನಿಲ್ಲುವುದು ಇಲ್ಲಿ. ಆಚಾರ್ರು ಬಿಟ್ಟರೋ, ಅವರ ಕೈ ಜಾರಿತೋ, ನಾನು ಕಾಣಲಿಲ್ಲ. ತುದಿ ಮೇಲೆದ್ದದ್ದನ್ನು ಕಂಡೆ, ಅಷ್ಟೇ.

ಫೈಬರ್‌ನವನು ತಲುಪಿ, ಭಾವನ ಜೊತೆ ಸೇರಿ, ಅಕ್ಕನನ್ನೂ ಕೂಸನ್ನೂ ತೊಲೆ ಸಮೇತ ಎಳೆದು ತಂದ. ಕೂಸು ಅಳುತ್ತಿತ್ತು. ಆಚಾರ್ರು ಮಾರನೆಯ ದಿನ ಜಾಲಿಮರಗಳ ನಡುವೆ ಸಿಕ್ಕರು. ಅಕ್ಕನ ಅತ್ತೆ ಮೊಮ್ಮಗಳನ್ನು ನೋಡಿದರು, ನೀರು ಇಳಿದು ಕೂಸು ಗಾಡಿದಾರಿಯಲ್ಲಿ ಅವರ ಮನೆ ತಲುಪಿದ ಮೇಲೆ.

ದಡದಲ್ಲಿ ತೊಲೆ ಬಿದ್ದಿದ್ದ ಹಾಗೇ ಫೈಬರ್‌ನವನು ಅದರ ಮೇಲೆ ಉಗುರು ಎಳೆದು, ಉಗುರನ್ನು ಮೂಗಿನ ಹತ್ತಿರ ಹಿಡಿದ. "ಎಣ್ಣೆ" ಎಂದ. ಆಮೇಲೆ ಸುತ್ತ ನಿಂತಿದ್ದ ನಮ್ಮನ್ನು ನೋಡಿ, ಅರ್ಥವಾಗದವನಂತೆ ಕೇಳಿದ: "ಅಂಟು ಹಾಕೋ ಮರಕ್ಕೆ ಯಾರಾದ್ರೂ ಎಣ್ಣೆ ಹಾಕ್ತಾರಾ?" ನೀರಿಗಿಳಿಯುವ ಮರಕ್ಕೆ ಯಾರಾದರೂ ಎಣ್ಣೆ ಹಾಕದೆ ಬಿಡುತ್ತಾರೆಯೇ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅವನು ತಾನು ತೇವದ ಬಗ್ಗೆ ಕೇಳಿದ್ದನ್ನು, ಎಣ್ಣೆಯ ಬಗ್ಗೆ ಕೇಳದೆ ಹೋದದ್ದನ್ನು ಸಂಜೆಯವರೆಗೂ ಹೇಳಿಕೊಳ್ಳುತ್ತಲೇ ಇದ್ದ. ಎಣ್ಣೆಯ ಬಗ್ಗೆ ಕೇಳಬೇಕೆಂದು ಅವನಿಗೆ ಹೊಳೆಯಲು ಅವನು ನಮ್ಮೂರಿನಲ್ಲಿ ಹುಟ್ಟಿರಬೇಕಿತ್ತು.

ಬೇಸಗೆಗೆ ಕೆರೆ ಇಂಗಿದಾಗ ದೋಣಿ ಕೆಸರಿನ ಮೇಲೆ ಕಾಣಿಸಿತು. ನಾನು ಹೋಗಿ ನೋಡಿದೆ. ಒಂದು ತೊಲೆ ಕೀಳದೆ ಉಳಿದ ಹಲಗೆಗಳಡಿ ಇನ್ನೂ ಗೂಡಿನಲ್ಲೇ ಇತ್ತು, ಹಲಗೆ ತೆಗೆದು ಎತ್ತಿದರೆ ಬಂತು. ಖಾಲಿ ಗೂಡಿನ ಒಳಮೈ ಕನ್ನಡಿಯಂತೆ ನುಣುಪು. ಹಲಸಿನ ನೂಲೆಳೆಗಳೆಲ್ಲ ಅದರಲ್ಲಿ ಅಚ್ಚಾಗಿದ್ದವು. ತಲೆಯ ಕಡೆ, ಗಟ್ಟಿಯಾದ ಅಂಟಿನೊಳಗೆ, ಆಚಾರ್ರು ಇಟ್ಟಿದ್ದ ಕುಂಕುಮ ಹಾಗೇ ಇತ್ತು. ಅಷ್ಟು ತಿಂಗಳು ನೀರಿನಡಿಯಲ್ಲಿದ್ದರೂ ಕೆಂಪು ಮಾಸಿರಲಿಲ್ಲ. ಬೆರಳಿಟ್ಟೆ. ಬೆರಳಿಗೆ ಏನೂ ಹತ್ತಲಿಲ್ಲ.

ಅಕ್ಕ ಹೇಳುವುದು ಒಂದೇ ಮಾತು: ತನ್ನ ಕಿವಿ ನೀರಿಗೆ ಹೋಗುವ ಮುಂಚೆ ಬೆನ್ನ ಹಿಂದೆ ಆಚಾರ್ರು "ಹೋಗ್ಬಾ ತಾಯಿ" ಎಂದರು, ಆಮೇಲೆ ಬಿಟ್ಟರು. ಭಾವ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ತಾನು ಹಿಡಿದಿದ್ದ ತುದಿಯೇ ನೀರು ತಾಗಿ ಸೋಪಿನಂತೆ ಜಾರುತ್ತಿತ್ತು, ಈಜು ಬಾರದ ಮುದುಕರ ಕೈ ಜಾರದೆ ಇರುತ್ತದೆಯೇ, ಅವರು ಏನೂ ಹೇಳಲಿಲ್ಲ ಎನ್ನುತ್ತಿದ್ದರು. ಗಂಡಹೆಂಡಿರು ಇದೊಂದು ಮಾತಿಗೆ ಊಟ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದೇನೆ. ಏರಿಯ ಮೇಲೆ ಆಗ ಕೂಗಾಟ ಎದ್ದಿತ್ತು. ನನಗೆ ಯಾವ ಮಾತೂ ಕೇಳಿಸಲಿಲ್ಲ.

ಭಾವ ಈಗಿಲ್ಲ. ಏರಿಯ ಮೇಲೆ ನನ್ನೊಡನೆ ಇದ್ದವರಲ್ಲಿ ಫೈಬರ್‌ನವನು ಇದ್ದಾನೆ; ಅರಿಶಿನಕುಂಟೆಯಲ್ಲೇ ಮಗನ ಮನೆಯಲ್ಲಿ, ಕಣ್ಣು ಮಂಜಾಗಿದೆ. ಅವನು ಈಜುತ್ತಿದ್ದ, ಅಲೆ ಬಿಟ್ಟು ಬೇರೇನೂ ಕಾಣಲಿಲ್ಲ ಎನ್ನುತ್ತಾನೆ. ಅಕ್ಕ ಇದ್ದಾಳೆ. ಅವಳ ಮಗಳು ಇದ್ದಾಳೆ, ನೆಲಮಂಗಲದಲ್ಲಿ, ಅವಳಿಗೂ ಮೊಮ್ಮಕ್ಕಳಾಗಿವೆ. ಆ ದಿನ ಅವಳು ತಾಯಿಯ ಹೆಗಲ ಮೇಲೆ ಮುಖ ಹಿಂದಕ್ಕೆ ಮಾಡಿಕೊಂಡಿದ್ದಳು. ತೊಲೆಯ ಆ ತುದಿಯನ್ನು ಹತ್ತಿರದಿಂದ ನೋಡುತ್ತಿದ್ದವಳು ಅವಳೊಬ್ಬಳೇ.